ಯಾವ ಬಾಗಿಲಿಗೂ ಆಗದ ಹ್ಯಾಂಡಲ್

ನಮ್ಮ ಮನೆಯ ಶೋಕೇಸಿನಲ್ಲಿ, ಮಗಳಿಗೆ ಶಾಲೆಯಲ್ಲಿ ಸಿಕ್ಕಿದ ಕಪ್ಪಿಗೂ ಪಕ್ಕದ ಮನೆಯವರು ಮೆಕ್ಕಾದ ಉಮ್ರಾ ಯಾತ್ರೆಯಿಂದ ತಂದುಕೊಟ್ಟ ಖರ್ಜೂರದ ಡಬ್ಬಿಗೂ ನಡುವೆ, ಕಾರಿನ ಬಾಗಿಲಿನ ಒಂದು ಹ್ಯಾಂಡಲ್ ಇದೆ. ಕ್ರೋಮಿಯಂ ಲೇಪದ, ತಣ್ಣಗಿನ, ಒಳ್ಳೆಯ ತೂಕದ ಹ್ಯಾಂಡಲ್. ತುದಿಯಲ್ಲೊಂದು ಗುಂಡಿ. ಒತ್ತಿದರೆ ಟಕ್ ಎನ್ನುತ್ತದೆ, ಏನೂ ತೆರೆಯುವುದಿಲ್ಲ. ದೋಹಾದ ಅಲ್ ಹಿಲಾಲಿನ ಈ ಮನೆಗೆ ಬಂದವರೆಲ್ಲ ಒಮ್ಮೆ ಅದನ್ನು ಒತ್ತಿ ನೋಡಿ, ಇದು ಯಾವ ಕಾರಿನದು ಎಂದು ಕೇಳುತ್ತಾರೆ. ನನ್ನ ಹೆಂಡತಿ ಜಯಂತಿ ತಕ್ಷಣ ಟೀ ಮಾಡುವ ನೆವದಲ್ಲಿ ಎದ್ದು ಒಳಗೆ ಹೋಗುತ್ತಾಳೆ. ಆ ಪ್ರಶ್ನೆಗೆ ನಾನು ಉತ್ತರ ಶುರು ಮಾಡಿದರೆ ಟೀ ಆರಿ, ಇನ್ನೊಮ್ಮೆ ಬಿಸಿಯಾಗಿ, ಮತ್ತೆ ಆರುವಷ್ಟು ಹೊತ್ತಾಗುತ್ತದೆಂದು ಅವಳಿಗೆ ಗೊತ್ತು.

ನಾನು ಮುಂಗೋಪಿ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ ಸಿಟ್ಟಿಗೂ ಮಾರ್ಕ್ ವನ್, ಮಾರ್ಕ್ ಟೂ, ಮಾರ್ಕ್ ತ್ರೀ ಉಂಟು ಎಂದು ಜಯಂತಿ ಹೇಳುತ್ತಾಳೆ. ಮದುವೆಯಾದ ಹೊಸತರಲ್ಲಿ ತಟ್ಟೆ ನೂಕುವ ಮಾಡೆಲ್ ಇತ್ತಂತೆ, ಆಮೇಲೆ ಬಾಗಿಲು ದಡಾರನೆ ಹಾಕುವ ಮಾಡೆಲ್ ಬಂತಂತೆ, ಈಗ ಬಿ.ಪಿ. ಮಾತ್ರೆ ನುಂಗಿ ಗೊಣಗುವ ಮಾಡೆಲ್ ನಡೆಯುತ್ತಿದೆಯಂತೆ. "ಎಂಜಿನ್ ಮಾತ್ರ ಹಳತೇ" ಎಂದು ಬಂದವರ ಮುಂದೆ ನಗುತ್ತಾಳೆ. ನಗಲಿ. ಆದರೆ ಈ ಹ್ಯಾಂಡಲಿನ ವಿಷಯದಲ್ಲಿ ನನಗೆ ಬರುವ ಸಿಟ್ಟು ಮಾತ್ರ ಯಾವ ಮಾತ್ರೆಗೂ ಬಗ್ಗಿದ್ದಿಲ್ಲ. ಮಾರಾಯ್ರೆ, ನೀವೇ ಪೂರ್ತಿ ಕೇಳಿ, ಆಮೇಲೆ ಹೇಳಿ.

ಅದೊಂದು ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮಡಚುವ ಬಟ್ಟೆಯ ಮಾಡು, ನೆಲಕ್ಕೆ ಅಂಟಿಕೊಂಡು ಓಡುವ ಜಾತಿ. ಹೆಸರು ಹೇಳುವುದಿಲ್ಲ, ಹೇಳಿದರೆ ಬಾಯಿ ಕಹಿಯಾಗುತ್ತದೆ. ಅರುವತ್ತರ ದಶಕದ ಆರಂಭದಲ್ಲಿ ಶುರುವಾಗಿ ಸುಮಾರು ಹದಿನೆಂಟು ವರ್ಷ ತಯಾರಾಯಿತಂತೆ. ಒಂದು ಕಾರನ್ನು ಅಷ್ಟು ವರ್ಷ ಮಾಡಿದ ಜನ ಒಂದು ದಿನವಾದರೂ ಕೈಕಟ್ಟಿ ಸುಮ್ಮನೆ ಕೂತದ್ದುಂಟೇ? ಎಂಜಿನ್ನಿನ ಹೊಟ್ಟೆಯಲ್ಲಿ ತಿರುಗುವ ದಂಡಕ್ಕೆ ಮೊದಲು ಮೂರು ಬೇರಿಂಗ್ ಇತ್ತು, ಐದು ಮಾಡಿದರು. ಎಳೆದು ತೆರೆಯುವ ಬಾಗಿಲಿನ ಹ್ಯಾಂಡಲನ್ನು ಒತ್ತಿ ತೆರೆಯುವ ಹಾಗೆ ಮಾಡಿದರು. ಪೆಟ್ರೋಲ್ ಟ್ಯಾಂಕನ್ನು ಪಟ್ಟಿಯಲ್ಲಿ ಕಟ್ಟಿ ನೇತುಹಾಕುತ್ತಿದ್ದರು, ಆಮೇಲೆ ಬೋಲ್ಟಿನಲ್ಲಿ ಬಿಗಿದರು. ಸೀಟಿನ ಹಿಂದೆ ಎರಡು ಪುಟ್ಟ ಬ್ಯಾಟರಿಗಳಿದ್ದವು, ಒಂದು ದೊಡ್ಡದು ಮಾಡಿದರು. ಮುಂದಿನ ಚಂದದ ಬೆಳ್ಳಿಯ ಜಾಲರಿ ತೆಗೆದು ಕಪ್ಪುಗುಳಿಯಂಥದ್ದೊಂದು ಹಾಕಿದರು. ಜನ ಉಗಿದ ಮೇಲೆ ಮತ್ತೆ ಬೆಳ್ಳಿ ಬಣ್ಣಕ್ಕೆ ಬಂದರು. ಕೊನೆಕೊನೆಗೆ ಅಮೆರಿಕದ ಕಾನೂನಿಗೆ ಹೆದರಿ ಮಿರಮಿರ ಮಿನುಗುವ ಬಂಪರ್ ಕಿತ್ತು, ಜೇನು ಕಚ್ಚಿದ ತುಟಿಯ ಹಾಗೆ ಕಾಣುವ ದಪ್ಪ ಕಪ್ಪು ರಬ್ಬರು ಅಂಟಿಸಿದರು. ನೆಲಕ್ಕಂಟಿದ ಕಾರನ್ನು ಎತ್ತಿ ಮೇಲೆ ಮಾಡಿದರು. ತಿರುವಿನಲ್ಲಿ ಅದು ಓಲಾಡತೊಡಗಿತು. ಇದಕ್ಕೆಲ್ಲ ಪುಸ್ತಕಗಳಲ್ಲಿ ಸುಧಾರಣೆ ಎಂದು ಬರೆಯುತ್ತಾರೆ. ಕೆಲವು ಒಳ್ಳೆಯದೇ ಇರಬಹುದು, ನಾನು ಒಪ್ಪುತ್ತೇನೆ. ಆದರೆ ಆ ಪುಣ್ಯಾತ್ಮರು ಬದಲಾವಣೆಗೆ ಹೊಸ ವರ್ಷ, ಯುಗಾದಿ, ಸಂಕ್ರಾಂತಿ ಯಾವುದನ್ನೂ ಕಾಯುತ್ತಿರಲಿಲ್ಲ. ವರ್ಷದ ನಡುವೆ ಯಾವುದೋ ಒಂದು ದಿನ, ಇಂಥ ಚಾಸಿ ನಂಬರಿನಿಂದ ಮುಂದೆ ಹೀಗೆ ಎಂದರೆ ಹೀಗೆ.

ನಾನು ಹುಟ್ಟಿ ಬೆಳೆದದ್ದು ಮೂಲ್ಕಿಯ ಹತ್ತಿರ. ನಮ್ಮಲ್ಲಿ ಬಸ್ಸಿನ ಹಾಗೆ ಜನ ತುಂಬಿಕೊಂಡು ಓಡುವ ಸರ್ವಿಸ್ ಕಾರು ಎಂದರೆ ಅಂಬಾಸಿಡರ್. ಮೂಲದಲ್ಲಿ ಅದೂ ಇಂಗ್ಲಿಷ್ ಸಂತಾನವೇ, ಆದರೆ ಭಾರತದ ನೀರು ಕುಡಿದು ಬುದ್ಧಿ ಬಂದಿತ್ತು. ಮಾರ್ಕ್ ಟೂ ಬಂತು, ಮಾರ್ಕ್ ತ್ರೀ ಬಂತು ಎಂದು ಊರೆಲ್ಲ ಹೇಳಿಕೊಂಡರೆ ನಾವು ಓಡಿ ಹೋಗಿ ನೋಡುತ್ತಿದ್ದೆವು. ನಮಗೆ ಕಾಣುವ ಹಾಗೆ ಮುಂದಿನ ಜಾಲರಿಯ ಗೀಟು ಬದಲಾಗಿರುತ್ತಿತ್ತು, ಉಳಿದದ್ದೆಲ್ಲ ತಾತನ ಕಾಲದ್ದೇ. ಕಿನ್ನಿಗೋಳಿಗೆ ಹೋಗುವ ಐತಪ್ಪಣ್ಣನ ಕಾರಿನಲ್ಲಿ ಎಷ್ಟು ಜನ ಕೂರುತ್ತಿದ್ದರೆಂದು ದೇವರಿಗೂ ಲೆಕ್ಕ ಸಿಗಲಿಕ್ಕಿಲ್ಲ. ಐತಪ್ಪಣ್ಣನ ಅರ್ಧ ದೇಹ ಬಾಗಿಲಿನ ಹೊರಗೆ, ಮೀನಿನ ಬುಟ್ಟಿ ಡಿಕ್ಕಿಯಲ್ಲಿ, ನಾನು ಯಾರದೋ ತೊಡೆಯ ಮೇಲೆ. ಏರಿನಲ್ಲಿ ಏನಾದರೂ ಮುರಿದರೆ ಎದುರಿನಿಂದ ಬರುವ ಕಾರನ್ನು ಕೈ ಅಡ್ಡ ಹಾಕಿ ನಿಲ್ಲಿಸಿ, ಅದರ ಡ್ರೈವರನ ಹತ್ತಿರ ಬೇಕಾದ ಸಾಮಾನು ಕೇಳಿ ಪಡೆಯುತ್ತಿದ್ದ. ಆ ಕಾರು ಹತ್ತು ವರ್ಷ ಹಿಂದಿನದೋ ಮುಂದಿನದೋ ಯಾರಿಗೆ ಬೇಕಿತ್ತು, ಸಾಮಾನು ಸರೀ ಕೂರುತ್ತಿತ್ತು. ಸುಧಾರಣೆಯಾಗದ ಕಾರು ಎಂದು ಈಗ ನಗುವವರು ನನ್ನ ಮುಂದೆ ಬಂದು ನಗಲಿ, ಹೇಳುತ್ತೇನೆ.

ಇರಲಿ, ದಾರಿ ತಪ್ಪಿದೆ. ದೋಹಾದಲ್ಲಿ ಏಷ್ಯನ್ ಗೇಮ್ಸ್ ಬರುತ್ತದೆಂದು ಊರಿಡೀ ಅಗೆದು ಹಾಕಿದ್ದ ಕಾಲ ಅದು. ನಿನ್ನೆ ಇದ್ದ ರಸ್ತೆ ಇವತ್ತಿಲ್ಲ, ಇವತ್ತಿನ ಡೈವರ್ಶನ್ ನಾಳೆಗಿಲ್ಲ. ನಾನು ಸನಾಯಾದಲ್ಲಿ, ಅಂದರೆ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಒಂದು ಗ್ಯಾರೇಜಿನ ಪರ್ಚೇಸ್ ಕ್ಲರ್ಕ್ ಆಗಿದ್ದೆ. ಪಿಕಪ್ಪು, ನೀರಿನ ಟ್ಯಾಂಕರು ರಿಪೇರಿ ಮಾಡುವ ಜಾಗ. ಅಲ್ಲಿ ಹೆಡ್ ಮೆಕ್ಯಾನಿಕ್ ನಮ್ಮ ಮೂಲ್ಕಿಯವನೇ ಆದ ದಾಮಣ್ಣ. ವಯಸ್ಸಿನಲ್ಲಿ ನನಗಿಂತ ದೊಡ್ಡವ, ಮಾತಿನಲ್ಲಿ ಸಣ್ಣವ. ಹತ್ತು ಮಾತಾಡುವಲ್ಲಿ ಒಂದು ಮಾತಾಡಿ, ಅದನ್ನೂ ನಾಳೆಗೆ ಉಳಿಸಬಹುದಿತ್ತಲ್ಲ ಎಂಬ ಮುಖ ಮಾಡುವವ. ಗ್ಯಾರೇಜಿನ ಮಾಲಿಕ, ನಮ್ಮೆಲ್ಲರ ಕಫೀಲ, ಅಂದರೆ ವೀಸಾ ಕೊಟ್ಟು ಇಟ್ಟುಕೊಂಡ ಧಣಿ, ಒಬ್ಬ ವಯಸ್ಸಾದ ಕತಾರಿ. ಎಲ್ಲರೂ ಅವರನ್ನು ಬಾಬಾ ಎನ್ನುತ್ತಿದ್ದರು. ನಡುವೆ ಮ್ಯಾನೇಜರ್ ಪ್ರಭಾಕರ, ಅವನೂ ನಮ್ಮ ಮಂಗಳೂರು ಕಡೆಯವನು. ಬಿಳಿ ಅಂಗಿ, ಊದಿನ ಅತ್ತರು, ಮಾತಿಗೊಮ್ಮೆ "ನಾವು ನಾವೇ ಅಲ್ವಾ". ಪರದೇಶದಲ್ಲಿ ಈ ಮಾತು ಹೇಳಿ ಹೆಗಲ ಮೇಲೆ ಕೈ ಹಾಕುವವರನ್ನು ಕಂಡರೆ ನಾನು ಈಗ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ.

ಬಾಬಾ ಹುಡುಗನಾಗಿದ್ದಾಗ ಇಂಗ್ಲೆಂಡಿನಲ್ಲಿ ಓದಿದವರು. ಆಗ ಕೊಂಡ ಆ ಕಾರನ್ನು ಆಮೇಲೆ ಹಡಗಿನಲ್ಲಿ ತರಿಸಿ, ಕೆಲವು ವರ್ಷ ಓಡಿಸಿ, ತೋಟದ ಶೆಡ್ಡಿನಲ್ಲಿ ಬಿಟ್ಟಿದ್ದರು. ಮರಳು ತಿಂದ ಕಾರು ಒಂದು ದಿನ ಟ್ರೇಲರ್ ಮೇಲೆ ನಮ್ಮ ಗ್ಯಾರೇಜಿಗೆ ಬಂತು. ಅದೇ ತಿಂಗಳು ದಾಮಣ್ಣನ ಮಗಳು ಶ್ವೇತಾಳಿಗೆ ಮದುವೆ ನಿಶ್ಚಯವಾಯಿತು. ಮೇ ತಿಂಗಳ ಒಂದು ಆದಿತ್ಯವಾರ, ಮೂಲ್ಕಿಯಲ್ಲಿ. ಒಬ್ಬಳೇ ಮಗಳು. ಅವಳು ಹುಟ್ಟುವಾಗಲೂ ಶಾಲೆಗೆ ಸೇರುವಾಗಲೂ ದಾಮಣ್ಣ ಇದೇ ಮರಳಿನಲ್ಲಿದ್ದ. "ಧಾರೆಗೊಂದು ನಾನಿರ್ಬೇಕು" ಎಂದು ಅವನೇ ಬಾಯಿಬಿಟ್ಟು ನನ್ನ ಹತ್ತಿರ ಹೇಳಿದ್ದ. ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟು ಗಿಂಡಿಯಿಂದ ನೀರು ಎರೆಯುವ ಆ ಒಂದು ಗಳಿಗೆಗೆ ಅಪ್ಪನಿಲ್ಲದಿದ್ದರೆ ಮತ್ತೆ ಯಾವುದಕ್ಕೆ ಇದ್ದರೇನು?

ಕತಾರಿನಿಂದ ಹೊರಗೆ ಹೋಗಲು ಆಗ ಟಿಕೆಟ್ಟು, ಪಾಸ್‌ಪೋರ್ಟು ಇದ್ದರೆ ಸಾಲುತ್ತಿರಲಿಲ್ಲ. ಇವನು ಹೋಗಬಹುದು ಎಂದು ಕಫೀಲನ ಕಡೆಯಿಂದ ಒಪ್ಪಿಗೆ ಬೇಕು. ನಾವು ಅದನ್ನು ಖುರೂಜ್ ಎನ್ನುತ್ತಿದ್ದೆವು. ದಾಮಣ್ಣ ರಜೆ ಕೇಳಲು ಹೋದಾಗ ಪ್ರಭಾಕರ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಸುಲೈಮಾನಿ ಚಹಾ ತರಿಸಿದನಂತೆ. ಬಾಬಾ ಮೊಣಕಾಲಿನ ಆಪರೇಶನ್ನಿಗೆ ಲಂಡನ್ನಿಗೆ ಹೋಗಿದ್ದಾರೆ, ಅವರ ಸೈನ್ ಇಲ್ಲದೆ ಖುರೂಜ್ ಆಗುವುದಿಲ್ಲ, ಅವರು ಬರುವಷ್ಟರಲ್ಲಿ ಕಾರು ಓಡುವ ಹಾಗಿದ್ದರೆ ಖುಷಿಯಲ್ಲಿ ಎರಡು ತಿಂಗಳ ರಜೆ ಕೊಟ್ಟಾರು ಎಂದನಂತೆ. "ಕಾರು ಸ್ಟಾರ್ಟ್ ಮಾಡು ದಾಮಣ್ಣ, ಖುರೂಜಿನ ತಲೆಬಿಸಿ ನನಗಿರ್ಲಿ. ನಾವು ನಾವೇ ಅಲ್ವಾ." ದಾಮಣ್ಣ ಚಹಾ ಕುಡಿದು ಬಂದು ಕಾರಿನ ಕೆಳಗೆ ಮಲಗಿದ.

ಇನ್ನು ಗಲ್ಫಿನ ನಮ್ಮ ಪದ್ಧತಿ ಕೇಳಿ. ಇಲ್ಲಿ ಯಾವ ಸಾಮಾನಿನ ಅಂಗಡಿಗೆ ಹೋದರೂ ಮೊದಲ ಪ್ರಶ್ನೆ, ಮಾಡೆಲ್ ಎಷ್ಟು? ಅಂದರೆ ಯಾವ ವರ್ಷದ್ದು. ಇಸ್ತಿಮಾರಾದಲ್ಲಿ, ಅಂದರೆ ಗಾಡಿಯ ನೋಂದಣಿ ಕಾರ್ಡಿನಲ್ಲಿ, ಇರುವ ವರ್ಷ ಹೇಳಿದರೆ ಖಲಾಸ್, ಸಾಮಾನು ಕೈಗೆ ಬರುತ್ತದೆ. ಜಪಾನಿನ ಗಾಡಿಗಳಿಗೆ ಈ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ. ಪ್ರಭಾಕರ ಹಾಗೆಯೇ ಇಸ್ತಿಮಾರಾ ನೋಡಿ ಇಂಗ್ಲೆಂಡಿಗೆ ಆರ್ಡರ್ ಕೊಟ್ಟ. ಆದರೆ ಆ ವರ್ಷ ಕಾರು ಹುಟ್ಟಿದ ವರ್ಷವಾಗಿರಲಿಲ್ಲ, ಅದು ದೋಹಾದಲ್ಲಿ ಹೆಸರು ಬರೆಸಿದ ವರ್ಷ. ವಾರಗಟ್ಟಲೆ ಕಾದ ಮೇಲೆ ಪೆಟ್ಟಿಗೆ ಬಂತು. ಎಂಜಿನ್ನಿನ ಸಾಮಾನು ಸರಿಯಿತ್ತು. ಪೆಟ್ರೋಲ್ ಟ್ಯಾಂಕು ಬೋಲ್ಟಿನದು, ನಮ್ಮ ಕಾರಿನಲ್ಲಿ ಬೋಲ್ಟಿಗೆ ತೂತೇ ಇಲ್ಲ. ಬಾಗಿಲಿನ ಹ್ಯಾಂಡಲ್ ಒತ್ತುವಂಥದ್ದು, ನಮ್ಮ ಬಾಗಿಲು ಎಳೆಯುವಂಥದ್ದು. ಈಗ ನನ್ನ ಶೋಕೇಸಿನಲ್ಲಿರುವುದು ಆ ಪೆಟ್ಟಿಗೆಯ ಹ್ಯಾಂಡಲ್.

ಪ್ರಭಾಕರನಿಗೆ ಸಿಟ್ಟು ಬಂತು. ಹಾಗಾದರೆ ಇದು ಬಹಳ ಹಳೆಯ ಕಾರು ಎಂದು, ಆ ಕಾರು ಮೊದಲು ಬಂದ ವರ್ಷದ್ದೇ ಸಾಮಾನು ಕಳಿಸಿ ಎಂದು ಬರೆಸಿದ. ಚಾಸಿ ನಂಬರ್ ಕೇಳಿ ಇಂಗ್ಲೆಂಡಿನ ಅಂಗಡಿಯವರು ಉತ್ತರ ಬರೆದರು. ನಂಬರಿನ ತಗಡು ಮರಳಿನಲ್ಲಿ ಸವೆದಿದೆ, ಉಜ್ಜಿ ಓದಬೇಕು ಎಂದು ನಾನು ಹೇಳಿದರೆ, ಅಷ್ಟಕ್ಕೆಲ್ಲ ಸಮಯ ಇಲ್ಲ, ಹಳೆಯದು ಎಂದರೆ ಹಳೆಯದು ಎಂದು ರೇಗಿದ. ಎರಡನೆಯ ಪೆಟ್ಟಿಗೆ ಬಂತು. ಈಗ ಹ್ಯಾಂಡಲ್ ಸರಿ, ಟ್ಯಾಂಕು ಸರಿ. ಇದರ ನಡುವೆ ದಾಮಣ್ಣ ಎಂಜಿನ್ ಮುಚ್ಚುವಾಗ ದಂಡದ ಒಂದು ಬೇರಿಂಗ್ ಬಿರುಕು ಬಿಟ್ಟಿದ್ದು ಕಂಡು ಅದನ್ನೂ ಸೇರಿಸಿ ಬರೆಸಿದ್ದೆವು. ಬಂದದ್ದು ಮೂರು ಬೇರಿಂಗಿನ ಕಾಲದ್ದು, ನಮ್ಮದು ಐದರ ಎಂಜಿನ್. ಎಂಜಿನ್ ಹೊಸ ಕಾಲದ್ದು, ಬಾಗಿಲು ಹಳೆ ಕಾಲದ್ದು. ಎರಡು ಸುಧಾರಣೆಗಳ ನಡುವಿನ ಸಂದಿಯಲ್ಲಿ ಹುಟ್ಟಿದ ಕಾರು! ಸಾವು ಮಾರ್ರೆ, ಇಡೀ ಕತಾರಿನಲ್ಲಿ ನಮಗೇ ಸಿಗಬೇಕೇ ಅದು?

ಕೊನೆಗೆ ತಗಡು ಉಜ್ಜಿ ನಂಬರ್ ಓದಿ ಮೂರನೆಯ ಸಲ ಬರೆದೆವು. ಅಷ್ಟರಲ್ಲಿ ಊರಿನಲ್ಲಿ ಕರೆಯೋಲೆ ಹಂಚಿಯಾಗಿತ್ತು. ಬಾಬಾನ ಮೊಣಕಾಲು ಬಗ್ಗದೆ ಅವರು ಬರುವುದು ಮುಂದಕ್ಕೆ ಹೋಗುತ್ತಲೇ ಇತ್ತು. ನಾನು ಒಮ್ಮೆ ಪ್ರಭಾಕರನ ಕ್ಯಾಬಿನ್ನಿಗೆ ಹೋಗಿ ದಾಮಣ್ಣನನ್ನು ಕಳಿಸಿಬಿಡಿ, ಕಾರು ಆಮೇಲೆ ಆಗುತ್ತದೆ ಎಂದೆ. ಅವನು ನನ್ನ ಬೆನ್ನು ತಟ್ಟಿ, ಬಾಬಾನಿಗೆ ಫೋನ್ ಮಾಡಿಯಾಗಿದೆ, ಬಂದ ಕೂಡಲೇ ಸೈನ್ ಹಾಕುತ್ತಾರೆ ಎಂದ. ನನ್ನ ಸಿಟ್ಟು ಅಲ್ ಹಿಲಾಲಿನ ಮನೆಯಲ್ಲಿ ಹುಲಿ, ಎ.ಸಿ. ಕ್ಯಾಬಿನ್ನಿನಲ್ಲಿ ಬೆಕ್ಕು. ಮನೆಗೆ ಬಂದು ಜಯಂತಿಯ ಮೇಲೆ ಹಾರಾಡಿದೆ. ಪಾಪ, ಅವಳೇನು ಮಾಡಿಯಾಳು? ದಾಮಣ್ಣನೋ, ಬಿಸಿಯೇ ತಟ್ಟುವುದಿಲ್ಲ ಅವನಿಗೆ. "ನೀನ್ಯಾಕೆ ಕುದೀತಿ ಮಾರಾಯ? ಮದುವೆ ನನ್ನ ಮಗಳದ್ದು" ಎಂದು ಬೀಡಿ ಹಚ್ಚಿದ.

ಮೂರನೆಯ ಪೆಟ್ಟಿಗೆ ಬಂದದ್ದು ಮದುವೆಯ ವಾರ. ಬಾಬಾ ಬಂದದ್ದು ಶನಿವಾರ. ಮರುದಿನ ಬೆಳಿಗ್ಗೆ ಅವರು ಕಾರು ನೋಡಲು ಬರುತ್ತಾರೆ, ನೋಡಿದ ಮೇಲೆ ಖುರೂಜ್ ಎಂದು ಪ್ರಭಾಕರ ಹೇಳಿದ. ಮರುದಿನವೇ ಧಾರೆ ಎಂದು ನಾನು ಹೇಳಿದರೆ, ಛೆ, ಈ ಆದಿತ್ಯವಾರವಾ, ನಾನು ಮುಂದಿನದ್ದು ಅಂತ ಎಣಿಸಿದ್ದೆ ಎಂದು ತಲೆ ಕೆರೆದುಕೊಂಡ. ಕರೆಯೋಲೆ ಅವನ ಮೇಜಿನ ಗಾಜಿನ ಕೆಳಗೇ ಇತ್ತು.

ಊರಿನಲ್ಲಿ ಮುಹೂರ್ತ ಹನ್ನೊಂದೂವರೆಗೆ, ನಮಗಿಲ್ಲಿ ಒಂಬತ್ತು ಗಂಟೆ. ಕಾರು ಹೊಸ ಕೆಂಪು ಬಣ್ಣದಲ್ಲಿ ಗ್ಯಾರೇಜಿನ ನಡುವೆ ನಿಂತಿತ್ತು. ಬಾನೆಟ್ ತೆರೆದಿತ್ತು. ಬಾಬಾ ದಾರಿಯಲ್ಲಿದ್ದಾರೆ, ಬೇಗ ಬೇಗ, ಯಲ್ಲಾ ಯಲ್ಲಾ ಎಂದು ಪ್ರಭಾಕರ ಬಾಗಿಲಲ್ಲಿ ಕುಣಿಯುತ್ತಿದ್ದ. ದಾಮಣ್ಣ ಕೈ ತೊಳೆದು ಬಂದು ರೇಡಿಯೇಟರಿನ ಮುಚ್ಚಳ ತೆಗೆದ. ಆಗ ನನ್ನ ಮೊಬೈಲಿಗೆ ಊರಿನಿಂದ ಅವನ ನಾದಿನಿಯ ಫೋನು. ಧಾರೆಗೆ ನಿಂತಿದ್ದಾರೆ, ಶ್ವೇತಾಳ ದೊಡ್ಡಪ್ಪ ಎರೆಯುತ್ತಾರೆ, ಭಾವನಿಗೆ ಕೊಡಿ ಎಂದಳು. ನಾನು ಫೋನನ್ನು ಅವನ ಕಿವಿಗೆ ಹಿಡಿದೆ. ಅವನ ಎರಡೂ ಕೈ ನೀರಿನ ಚೊಂಬಿನ ಮೇಲಿತ್ತು. ವಾದ್ಯದವರು ನಿಲ್ಲಿಸಿ ಭಟ್ಟರ ಮಂತ್ರವೊಂದೇ ಕೇಳುತ್ತಿತ್ತು. ದಾಮಣ್ಣ ಆ ಹಾಳು ಕಾರಿನ ಹೊಟ್ಟೆಗೆ ನೀರು ಎರೆಯುತ್ತಿದ್ದ. ಅಲ್ಲಿ ಮಗಳ ಕೈಗೆ ಯಾರೋ ಎರೆಯುತ್ತಿದ್ದಾರೆ, ಇಲ್ಲಿ ಅಪ್ಪ ರೇಡಿಯೇಟರಿಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಇಂಗ್ಲಿಷರು, ಅವರ ಒತ್ತುವ ಹ್ಯಾಂಡಲು, ಐದು ಬೇರಿಂಗು, ಪ್ರಭಾಕರನ ಬಿಳಿ ಅಂಗಿ, ಎಲ್ಲವನ್ನೂ ಒಟ್ಟಿಗೆ ಹಾಕಿ ಬೆಂಕಿ ಕೊಡಬೇಕು ಅನ್ನಿಸಿತು.

ಬಾಬಾ ಕೋಲೂರಿಕೊಂಡು ಬಂದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮುದುಕರ ಮುಖ ಇಪ್ಪತ್ತರ ಹುಡುಗನದಾಯಿತು. ಬಾಗಿಲಿನ ಹ್ಯಾಂಡಲ್ ಹಿಡಿದು ಎಳೆದು, ಬಿಟ್ಟು, ಮತ್ತೆ ಎಳೆದು ನಕ್ಕರು. ಆಮೇಲೆ ಎಂಜಿನ್ ನಿಲ್ಲಿಸಿದಾಗ ನನ್ನ ಕೈಯಲ್ಲಿದ್ದ ಫೋನಿನಿಂದ ನಾಗಸ್ವರ ಕೇಳಿಸಿತು. ಅದೇನೆಂದು ಬಾಬಾ ಹಿಂದಿಯಲ್ಲಿ ಕೇಳಿದರು. ಪ್ರಭಾಕರ ರೇಡಿಯೋ ಎಂದ. ಅವತ್ತು ಬೆಕ್ಕು ಹುಲಿಯಾಯಿತು ನೋಡಿ. ರೇಡಿಯೋ ಅಲ್ಲ ಬಾಬಾ, ಇವನ ಮಗಳ ಮದುವೆ, ಈಗ ಈ ಗಳಿಗೆಯಲ್ಲಿ ಆಗುತ್ತಿದೆ ಎಂದು ಕೂಗಿಯೇ ಹೇಳಿದೆ. ಹಾಗಿದ್ದರೆ ಇವನಿಲ್ಲಿ ಏನು ಮಾಡುತ್ತಿದ್ದಾನೆ ಎಂದರು ಬಾಬಾ. ನಿಮ್ಮ ಸೈನಿಗೆ ಕಾಯುತ್ತಿದ್ದಾನೆ ಎಂದೆ.

ಬಾಬಾ ನನ್ನನ್ನು ನೋಡಿದರು, ಪ್ರಭಾಕರನನ್ನು ನೋಡಿದರು. "ನನ್ನ ಸೈನಾ? ಖುರೂಜಿನ ಸೀಲು, ಅಧಿಕಾರ, ಎಲ್ಲ ಇವನ ಕೈಯಲ್ಲೇ ಬಿಟ್ಟು ಹೋಗಿದ್ದೆನಲ್ಲ."

ಬಾಬಾ ಕೋಲಿನಿಂದ ನೆಲ ಕುಟ್ಟಿ ಅರಬಿಯಲ್ಲಿ ಏನೇನೋ ಬೈದರು. ಆ ಸಂಜೆಯ ವಿಮಾನಕ್ಕೆ ದಾಮಣ್ಣನನ್ನು ಕಳಿಸಿದರು. ಅವನು ಮನೆ ಸೇರುವಾಗ ಮಗಳು ಪಡುಬಿದ್ರಿಯ ಗಂಡನ ಮನೆಗೆ ಹೋಗಿಯಾಗಿತ್ತು, ಚಪ್ಪರ ಬಿಚ್ಚುತ್ತಿದ್ದರು. ಪ್ರಭಾಕರನಿಗೆ ಏನಾಯಿತು ಎಂದು ಕೇಳುತ್ತೀರಾ? ಏನೂ ಆಗಲಿಲ್ಲ. ದಾಮಣ್ಣ ರಜೆ ಮುಗಿಸಿ ಬಂದಾಗ ಒಂದು ಡಬ್ಬಿ ಬಕ್ಲಾವಾ ಮಿಠಾಯಿ ಕೊಟ್ಟು, ನಡೆದದ್ದು ನಡೆದುಹೋಯಿತು, ನಾವು ನಾವೇ ಅಲ್ವಾ ಎಂದ. ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ದಾಮಣ್ಣ ಅದನ್ನು ತಿಂದದ್ದಕ್ಕೆ. ನನಗೂ ಒಂದು ಕೊಡಲು ಬಂದ, ನಾನು ಮುಟ್ಟಲಿಲ್ಲ. ಬಾಬಾ ಕೆಲವು ಶುಕ್ರವಾರ ಕಾರು ಓಡಿಸಿ ಮೊಮ್ಮಗನಿಗೆ ಕೊಟ್ಟರು. ಅವನು ಈಗ ಅದಕ್ಕೆ ಜಪಾನಿನ ಎಂಜಿನ್ ಹಾಕಿಸುತ್ತಿದ್ದಾನೆಂದು ಸುದ್ದಿ, ಇನ್ನೊಂದು ಸುಧಾರಣೆ.

ದಾಮಣ್ಣ ಕಳೆದ ವರ್ಷ ಕೆಲಸ ಬಿಟ್ಟು ಊರಿಗೆ ಹೋದ. ಈಗ ಅವನ ಅಳಿಯನಿಗೇ ಇಲ್ಲಿ ಕೆಲಸವಾಗಿದೆ, ಅಲ್ ಖೋರಿನಲ್ಲಿ ಕಂಪೆನಿಯ ಮನೆ. ಕಳೆದ ಶುಕ್ರವಾರ ಶ್ವೇತಾ ಗಂಡನ ಜೊತೆ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದಳು. ಜಯಂತಿ ಕೋರಿ ರೊಟ್ಟಿ ಮಾಡಿದ್ದಳು. ಊಟದ ಮೇಲೆ ಹುಡುಗಿ ಶೋಕೇಸಿನ ಮುಂದೆ ನಿಂತು ಹ್ಯಾಂಡಲ್ ಎತ್ತಿಕೊಂಡಳು. ಟಕ್ ಎನ್ನಿಸಿದಳು. ಜಯಂತಿ ಈ ಸಲ ಟೀಗೆ ಏಳದೆ ನನ್ನನ್ನೇ ನೋಡಿದಳು. ನಾನು ಗಂಟಲು ಸರಿಮಾಡಿಕೊಂಡೆ. ಇಷ್ಟು ವರ್ಷ ಕಂಡಕಂಡವರಿಗೆಲ್ಲ ಹೇಳಿದ್ದನ್ನು ಕೇಳುವ ಹಕ್ಕಿರುವವಳು ಕೊನೆಗೂ ಬಂದಿದ್ದಳು. ನಿನ್ನ ಅಪ್ಪ ನಿನಗೆ ಎರೆಯಬೇಕಾದ ನೀರನ್ನು ಎಲ್ಲಿಗೆ ಎರೆದ ಎಂದು ಗೊತ್ತುಂಟಾ ಎಂದು ಶುರುಮಾಡುವವನಿದ್ದೆ.

ಅವಳೇ ಮೊದಲು ಮಾತಾಡಿದಳು. "ಮಾಮ, ಧಾರೆಯಾಗುವಾಗ ಚಿಕ್ಕಮ್ಮ ನನ್ನ ಕಿವಿಗೆ ಫೋನ್ ಇಟ್ಟಿದ್ರು. ಅಪ್ಪ ಒಂದು ಮಾತೂ ಆಡ್ಲಿಲ್ಲ. ನೀರು ಎರೆಯುವ ಶಬ್ದ ಮಾತ್ರ ಕೇಳ್ತಿತ್ತು. ಅಪ್ಪ ಅಲ್ಲೇ ನಿಂತು ನಂಗೆ ಧಾರೆ ಎರೀತಿದ್ದಾರೆ ಅಂತ ಗೊತ್ತಾಯ್ತು. ಆಮೇಲೆ ನಾನು ಅಳ್ಲೇ ಇಲ್ಲ. ನೀವು ಪಕ್ಕದಲ್ಲೇ ಇದ್ರಂತಲ್ಲ, ಹೌದಾ ಮಾಮ?"

ನನ್ನ ಬಾಯಲ್ಲಿ ಸಿಟ್ಟು ತುಂಬಿಕೊಂಡೇ ಇತ್ತು, ಉಗುಳಲು ಜಾಗವಿರಲಿಲ್ಲ. ಹೌದು ಮಗಾ, ಪಕ್ಕದಲ್ಲೇ ಇದ್ದೆ ಎಂದೆ. ಹ್ಯಾಂಡಲನ್ನು ಅವಳ ಕೈಯಿಂದ ತೆಗೆದು ಅದರ ಜಾಗದಲ್ಲಿಟ್ಟೆ. ಇದು ಎಂತದ್ದು ಎಂದು ಕೇಳಿದಳು. ಎಂತದೂ ಇಲ್ಲ, ಯಾವುದೋ ಗುಜರಿ ಎಂದೆ.

ಅವರು ಹೋದ ಮೇಲೆ ಆ ಬೆಳಿಗ್ಗೆಯನ್ನು ಮೊದಲಿನಿಂದ ನೆನಪು ಮಾಡಿಕೊಂಡೆ. ರೇಡಿಯೇಟರಿಗೆ ನೀರು ಹಾಕಲು ಗ್ಯಾರೇಜಿನಲ್ಲಿ ಉದ್ದ ಮೂತಿಯ ಡಬ್ಬಿಯೊಂದಿತ್ತು. ದಾಮಣ್ಣ ಅವತ್ತು ಅದನ್ನು ಮುಟ್ಟಿರಲಿಲ್ಲ, ತನ್ನ ಕೋಣೆಯಿಂದ ಕುಡಿಯುವ ನೀರಿನ ಸ್ಟೀಲಿನ ಚೊಂಬು ತಂದಿದ್ದ. ಅದಕ್ಕೆ ಮೊದಲು ನಲ್ಲಿಯ ಹತ್ತಿರ ನಿಂತು, ಪ್ರಭಾಕರ ಯಲ್ಲಾ ಯಲ್ಲಾ ಎಂದು ಕೂಗುತ್ತಿದ್ದರೂ ಕೇಳಿಸದವನ ಹಾಗೆ, ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದುಕೊಂಡಿದ್ದ. ಕಾರಿಗೆ ನೀರು ಹಾಕಲು ಯಾರಾದರೂ ಅಷ್ಟು ಕೈ ತೊಳೆದುಕೊಳ್ಳುತ್ತಾರೆಯೇ?